ಸಂಕಲ್ಪದ ಅಳತೆ

ಪೂಜೆಗೆ ಕುಳಿತವನು ಮೊದಲು ಸಂಕಲ್ಪ ಮಾಡುತ್ತಾನೆ. ಕಲ್ಪ, ಮನ್ವಂತರ, ಯುಗಗಳಿಂದ ಆರಂಭಿಸಿ ಸಂವತ್ಸರ, ಮಾಸ, ಪಕ್ಷ, ತಿಥಿಗಳವರೆಗೆ ಕಾಲವನ್ನು ಹೇಳುತ್ತಾನೆ. ಜಂಬೂದ್ವೀಪದಿಂದ ಆರಂಭಿಸಿ ತಾನು ಕುಳಿತ ಊರಿನವರೆಗೆ ದೇಶವನ್ನು ಹೇಳುತ್ತಾನೆ. ತನ್ನ ಗೋತ್ರ, ನಾಮಗಳನ್ನು ಹೇಳುತ್ತಾನೆ. ಕೊನೆಗೆ ಈ ಹೊತ್ತು ತಾನು ಮಾಡಹೊರಟ ಒಂದೇ ಒಂದು ಕರ್ಮವನ್ನು ಹೆಸರಿಸಿ, ಅದನ್ನು 'ಯಥಾಶಕ್ತಿ' ಮಾಡುವೆನೆಂದು ನೀರು ಬಿಡುತ್ತಾನೆ. ಬ್ರಹ್ಮಾಂಡದ ಲೆಕ್ಕದಿಂದ ತೊಡಗಿದ ಮಾತು ಒಬ್ಬ ಮನುಷ್ಯನ, ಒಂದು ದಿನದ, ಒಂದು ಕೆಲಸಕ್ಕೆ ಬಂದು ನಿಲ್ಲುತ್ತದೆ. ಗುರಿ ಇಡುವ ಕ್ರಮವನ್ನು ಇಂದು ಕಚೇರಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಶಾಸ್ತ್ರವಾಗಿ ಬೋಧಿಸುತ್ತಾರೆ: ಗುರಿ ಸ್ಪಷ್ಟವಾಗಿರಬೇಕು, ಅಳೆಯುವಂತಿರಬೇಕು, ಕೈಗೆಟುಕುವಂತಿರಬೇಕು, ಅದಕ್ಕೊಂದು ಕಾಲಮಿತಿ ಇರಬೇಕು. ಹಳೆಯ ಸಂಕಲ್ಪದಲ್ಲಿ ಇವೆಲ್ಲ ಇದ್ದವು. ಜೊತೆಗೆ, ತನ್ನ ಶಕ್ತಿಗೆ ಮಿತಿಯುಂಟೆಂಬ ಅರಿವು 'ಯಥಾಶಕ್ತಿ' ಎಂಬ ಒಂದೇ ಪದದಲ್ಲಿ ಅಡಗಿತ್ತು.

ವಿದ್ಯಾಕ್ಷೇತ್ರದಲ್ಲಿ ಈ ಪದಕ್ಕೆ ಎಷ್ಟು ಬೆಲೆಯುಂಟು ಎಂಬುದನ್ನು ತಿಳಿಯಬಯಸುವವರಿಗೆ ಪುಣೆಗಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಒಬ್ಬರ ಆಯುಸ್ಸಿನಲ್ಲಿ ಮುಗಿಯಲಾರದ ಎರಡು ಮಹಾಕಾರ್ಯಗಳಿಗೆ ಈ ನಗರ ಮೂವತ್ತು ವರ್ಷಗಳ ಅಂತರದಲ್ಲಿ ಕೈಹಾಕಿತು. ಒಂದು ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಮಹಾಭಾರತ ಪರಿಷ್ಕರಣ. ಇನ್ನೊಂದು ಡೆಕ್ಕನ್ ಕಾಲೇಜಿನ ಸಂಸ್ಕೃತ ಐತಿಹಾಸಿಕ ನಿಘಂಟು. ಮೊದಲನೆಯದು ಮುಗಿಯಿತು. ಎರಡನೆಯದು ಇನ್ನೂ ನಡೆಯುತ್ತಿದೆ. ಮುಗಿದದ್ದು ಹೇಗೆ ಮುಗಿಯಿತು, ಮುಗಿಯದ್ದನ್ನು ಸೋಲೆಂದು ಕರೆಯಬಹುದೇ ಎಂಬ ಎರಡು ಪ್ರಶ್ನೆಗಳು ಸಂಸ್ಕೃತ ಪಂಡಿತರಿಗೆ ಮಾತ್ರ ಸೇರಿದವಲ್ಲ. ಕನ್ನಡ ವಿಭಾಗದಲ್ಲಿ ಪ್ರೌಢಪ್ರಬಂಧದ ವಿಷಯವನ್ನು ಆರಿಸಿಕೊಳ್ಳಲು ಕುಳಿತ ಪ್ರತಿಯೊಬ್ಬ ವಿದ್ಯಾರ್ಥಿಯ ಮುಂದೆಯೂ ಅವು ಇವೆ.

ಮಹಾಭಾರತದ ಶುದ್ಧಪಾಠವೊಂದು ಬೇಕೆಂಬ ಮಾತನ್ನು 1897ರಲ್ಲಿ ಪ್ಯಾರಿಸ್ಸಿನ ಪ್ರಾಚ್ಯವಿದ್ಯಾ ಸಮ್ಮೇಳನದಲ್ಲಿ ಎತ್ತಿದವರು ವಿಂಟರ್‌ನಿಟ್ಸ್. ಯುರೋಪಿನಲ್ಲಿ ಆ ಕೆಲಸ ಮುಂದುವರಿಯಲಿಲ್ಲ. 1917ರಲ್ಲಿ ಪುಣೆಯಲ್ಲಿ ಭಾಂಡಾರಕರ ಮಂದಿರ ಸ್ಥಾಪನೆಯಾಯಿತು. ಮರುವರ್ಷ ಔಂಧ್ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಈ ಕಾರ್ಯಕ್ಕೆ ಒಂದು ಲಕ್ಷ ರೂಪಾಯಿ ಕೊಡುವ ವಚನವಿತ್ತರು. 1919ರ ಏಪ್ರಿಲ್ 1ರಂದು ರಾಮಕೃಷ್ಣ ಗೋಪಾಲ ಭಾಂಡಾರಕರರ ಹಸ್ತದಿಂದ ಕೆಲಸ ಆರಂಭವಾಯಿತು. ಆಗ ಅವರಿಗೆ ಎಂಬತ್ತು ದಾಟಿತ್ತು. ತಾವು ಇದರ ಕೊನೆಯನ್ನು ಕಾಣುವುದಿಲ್ಲವೆಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲ. 1925ರಲ್ಲಿ ಅವರು ತೀರಿಕೊಂಡಾಗ ಪರಿಷ್ಕೃತ ಆವೃತ್ತಿಯ ಒಂದು ಪರ್ವವೂ ಹೊರಬಂದಿರಲಿಲ್ಲ.

ಆದರೆ ಒಂದು ಪ್ರಯೋಗ ಹೊರಬಂದಿತ್ತು. ನಾರಾಯಣ ಬಾಪೂಜಿ ಉತ್ಗೀಕರರು 1923ರಲ್ಲಿ ವಿರಾಟಪರ್ವದ ತಾತ್ಕಾಲಿಕ ಆವೃತ್ತಿಯೊಂದನ್ನು ಸಿದ್ಧಪಡಿಸಿದ್ದರು. ಇದು ಅಂತಿಮವಲ್ಲವೆಂದು ಹೇಳಿಯೇ ಅಚ್ಚುಮಾಡಿ ವಿದ್ವಾಂಸರ ಮುಂದಿಟ್ಟ ಪುಸ್ತಕ ಅದು. ಹದಿನೆಂಟು ಪರ್ವಗಳ ದಾರಿಗೆ ಇಳಿಯುವ ಮೊದಲು ಒಂದು ಚಿಕ್ಕ ಪರ್ವದಲ್ಲಿ ನಡೆದು ನೋಡುವ ವಿವೇಕ ಇದರಲ್ಲಿದೆ. ಮುಂದೆ 1936ರಲ್ಲಿ ರಘುವೀರರ ಸಂಪಾದಕತ್ವದಲ್ಲಿ ಬಂದ ವಿರಾಟಪರ್ವ ಇದನ್ನು ಹಿಂದೆ ಹಾಕಿತು. ಆದರೂ ಹಳೆಯ ಪುಸ್ತಕದ ಉಪಯೋಗ ಇಲ್ಲವಾಗಲಿಲ್ಲ. ಎಡವಬಹುದಾದ ಜಾಗಗಳನ್ನು ಅದು ಮೊದಲೇ ತೋರಿಸಿಕೊಟ್ಟಿತ್ತು.

1925ರಲ್ಲಿ ವಿಷ್ಣು ಸೀತಾರಾಮ ಸುಕ್ಥಣಕರರು ಪ್ರಧಾನ ಸಂಪಾದಕರಾಗಿ ಬಂದರು. ಆಗ ಅವರ ವಯಸ್ಸು ಮೂವತ್ತೆಂಟು. ಕೇಂಬ್ರಿಜ್ಜಿನಲ್ಲಿ ಗಣಿತ ಓದಿ, ಬರ್ಲಿನ್ನಿನಲ್ಲಿ ಲ್ಯೂಡರ್ಸರ ಶಿಷ್ಯರಾಗಿ ಭಾಷಾಶಾಸ್ತ್ರದ ಶಿಸ್ತನ್ನು ಕಲಿತವರು. ಅವರ ಡಾಕ್ಟರೇಟ್ ಪ್ರಬಂಧದ ವಿಷಯ ಕನ್ನಡಿಗರಿಗೆ ಹತ್ತಿರದ್ದು: ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜೈನ ವೈಯಾಕರಣ ಶಾಕಟಾಯನ. ಶಾಕಟಾಯನನ ಇಡೀ ವ್ಯಾಕರಣವನ್ನು ಅವರು ಎತ್ತಿಕೊಳ್ಳಲಿಲ್ಲ. ಮೊದಲನೆಯ ಅಧ್ಯಾಯದ ಮೊದಲನೆಯ ಪಾದವನ್ನು, ಯಕ್ಷವರ್ಮನ ವ್ಯಾಖ್ಯಾನದೊಡನೆ, ಮಾತ್ರ ಎತ್ತಿಕೊಂಡರು. ಒಂದು ಪಾದವನ್ನು ಪೂರ್ತಿಯಾಗಿ ಹಿಡಿಯಬಲ್ಲವನ ಕೈಗೆ ಮುಂದೆ ಮಹಾಭಾರತ ಬಂದದ್ದು ಆಕಸ್ಮಿಕವಿರಬಹುದು, ಆದರೆ ಅಸಂಗತವಲ್ಲ. ಅದೇ ಅಮೋಘವರ್ಷನ ಆಸ್ಥಾನದ 'ಕವಿರಾಜಮಾರ್ಗ'ವನ್ನು 1898ರಲ್ಲಿ ಸಂಪಾದಿಸಿ ಪ್ರಕಟಿಸಿದ ಕೆ. ಬಿ. ಪಾಠಕರೂ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದವರೆಂಬುದನ್ನು ಇಲ್ಲಿ ನೆನೆಯಬೇಕು.

ಸುಕ್ಥಣಕರರು ಮಾಡಿದ ಮುಖ್ಯ ಕೆಲಸವೆಂದರೆ ಗುರಿಯ ಅಳತೆಯನ್ನು ಸರಿಪಡಿಸಿದ್ದು. ವ್ಯಾಸರ ಮೂಲ ಮಹಾಭಾರತವನ್ನು ಹುಡುಕಿ ತೆಗೆಯುವೆವೆಂಬ ಹಂಬಲ ಸಹಜವಾದದ್ದು. ದಾನಿಗಳನ್ನೂ ಜನಸಾಮಾನ್ಯರನ್ನೂ ಒಲಿಸಿಕೊಳ್ಳಲು ಅದಕ್ಕಿಂತ ಆಕರ್ಷಕವಾದ ಮಾತಿಲ್ಲ. ಆದರೆ ಆ ಗುರಿ ಮುಟ್ಟುವಂಥದಲ್ಲ. ಶತಮಾನಗಳ ಕಾಲ ಸೂತರ, ಪೌರಾಣಿಕರ, ಲಿಪಿಕಾರರ ಬಾಯಿ ಮತ್ತು ಕೈಗಳಲ್ಲಿ ಬೆಳೆದ ಕೃತಿಗೆ ಒಂದು ಮೂಲಪ್ರತಿ ಎಂಬುದು ಇತ್ತೆಂದು ಹೇಳುವುದೇ ಕಷ್ಟ. ಸುಕ್ಥಣಕರರು ಆದಿಪರ್ವದ ಉಪೋದ್ಘಾತದಲ್ಲಿ ತಮ್ಮ ಉದ್ದೇಶವನ್ನು ಬೇರೆಯಾಗಿ ಹೇಳಿಕೊಂಡರು: ಇಂದು ದೊರೆಯುವ ಹಸ್ತಪ್ರತಿಗಳ ಆಧಾರದ ಮೇಲೆ ಎಷ್ಟು ಹಿಂದಕ್ಕೆ ಹೋಗಲು ಸಾಧ್ಯವೋ ಅಷ್ಟು ಹಿಂದಿನ ಪಾಠವನ್ನು ನಿರ್ಣಯಿಸುವುದು. ವ್ಯಾಸರ ಕೈಬರಹ ಇದೆಂಬ ಭ್ರಮೆ ಬೇಡವೆಂದೂ ಸೂಚಿಸಿದರು. ಕೃತಿಯೂ ಅದೇ, ಶ್ರಮವೂ ಅಷ್ಟೇ. ಬದಲಾದದ್ದು ವಾಕ್ಯ ಒಂದೇ. ಆ ಒಂದು ವಾಕ್ಯದಿಂದ, ಎಂದೂ ಮುಗಿಯದ ಹುಡುಕಾಟವೊಂದು ಮುಗಿಸಬಹುದಾದ ಕೆಲಸವಾಯಿತು. ಮೂಲವನ್ನು ಕಂಡೆವೋ ಇಲ್ಲವೋ ಎಂದು ಪರೀಕ್ಷಿಸುವ ಉಪಾಯವಿಲ್ಲ. ದೊರೆತ ಪ್ರತಿಗಳೆಲ್ಲ ಯಾವ ಪಾಠವನ್ನು ಸಮರ್ಥಿಸುತ್ತವೆ ಎಂಬುದನ್ನು ಮಾತ್ರ ಯಾರಾದರೂ ಪರೀಕ್ಷಿಸಬಹುದು.

ಗುರಿ ಹೀಗೆ ನಿಂತ ಮೇಲೆ ದಿನದ ಕೆಲಸವೂ ತಾನಾಗಿ ರೂಪುಗೊಂಡಿತು. ಆದಿಪರ್ವಕ್ಕೆ ಸುಮಾರು 235 ಹಸ್ತಪ್ರತಿಗಳಿರುವುದು ತಿಳಿದಿತ್ತು. ಅವುಗಳಲ್ಲಿ ಸುಮಾರು 70ನ್ನು ಪೂರ್ಣವಾಗಿಯೋ ಭಾಗಶಃವೋ ಪರಿಶೀಲಿಸಿ, 60ನ್ನು ಪಾಠನಿರ್ಣಯಕ್ಕೆ ಬಳಸಿದರು. ಎಲ್ಲವನ್ನೂ ನೋಡಿಯೇ ತೀರಬೇಕೆಂಬ ಹಟವನ್ನು ಬಿಟ್ಟು, ಯಾವುದು ಪ್ರತಿನಿಧಿಯಾಗಬಲ್ಲದು ಎಂಬುದನ್ನು ಆರಿಸಿಕೊಂಡದ್ದು ಇಲ್ಲಿ ಮುಖ್ಯ. ಶಾರದಾ, ನೇಪಾಳಿ, ಮೈಥಿಲಿ, ಬಂಗಾಳಿ, ದೇವನಾಗರಿ, ತೆಲುಗು, ಗ್ರಂಥ, ಮಲಯಾಳ ಎಂದು ಲಿಪಿಗಳಿಗನುಗುಣವಾಗಿ ಪ್ರತಿಗಳನ್ನು ವಿಂಗಡಿಸಿದರು. ಒಂದೊಂದು ಶ್ಲೋಕಕ್ಕೆ ಒಂದೊಂದು ಹಾಳೆ; ಹಾಳೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದ ಚೌಕಗಳು; ಚೌಕದೊಳಗೆ ಅಕ್ಷರ. ಒಂದು ಪ್ರತಿ ಎಲ್ಲಿ ಭಿನ್ನವಾಗುತ್ತದೆಯೋ ಅಲ್ಲಿ ಆ ಚೌಕ ತುಂಬುತ್ತದೆ. ಶಾಸ್ತ್ರಿಗಳೂ ವಿಶ್ವವಿದ್ಯಾನಿಲಯದ ಪದವೀಧರರೂ ಒಟ್ಟಿಗೆ ಕುಳಿತು ಈ ಚೌಕಗಳನ್ನು ತುಂಬಿದರು. ಪುಣೆಯಲ್ಲಲ್ಲದೆ ಶಾಂತಿನಿಕೇತನದಲ್ಲಿಯೂ ತಂಜಾವೂರಿನಲ್ಲಿಯೂ ಪಾಠ ಹೋಲಿಸುವ ಕೇಂದ್ರಗಳಿದ್ದವು. ಮಹಾಭಾರತವೆಂಬ ಹೆಸರು ಕೇಳಿದರೆ ಎದೆ ನಡುಗುತ್ತದೆ. ಆದರೆ ಬೆಳಗ್ಗೆ ಕೆಲಸಕ್ಕೆ ಬಂದವನ ಮುಂದೆ ಇದ್ದದ್ದು ಇಡೀ ಮಹಾಭಾರತವಲ್ಲ, ಒಂದು ಹಾಳೆ. ಸಂಜೆ ಹೊರಡುವಾಗ ಇಷ್ಟು ಹಾಳೆ ತುಂಬಿತು ಎಂದು ಅವನು ಎಣಿಸಿ ಹೇಳಬಹುದಾಗಿತ್ತು.

ಇನ್ನೊಂದು ಪದ್ಧತಿಯೂ ಗಮನಾರ್ಹವಾದದ್ದು. ಪಾಠನಿರ್ಣಯ ಎಲ್ಲಿ ಖಚಿತವಿಲ್ಲವೋ ಅಲ್ಲಿ ಅಚ್ಚಿನ ಅಕ್ಷರಗಳ ಕೆಳಗೆ ಅಲೆಯಂಥ ಗೆರೆಯೊಂದನ್ನು ಎಳೆದರು. ಸಂಶಯ ಪರಿಹಾರವಾಗುವವರೆಗೆ ಕಾಯುವೆನೆಂದು ಕುಳಿತಿದ್ದರೆ ಒಂದು ಪುಟವೂ ಹೊರಬರುತ್ತಿರಲಿಲ್ಲ. ಸಂಶಯವನ್ನು ಮರೆಮಾಚಿ ಅಚ್ಚುಮಾಡಿದ್ದರೆ ಆ ಕೆಲಸಕ್ಕೆ ಬೆಲೆ ಇರುತ್ತಿರಲಿಲ್ಲ. ಅಲೆಗೆರೆ ಈ ಎರಡರ ನಡುವಿನ ದಾರಿ. ಕೆಲಸವನ್ನು ಮುಂದಕ್ಕೆ ಬಿಡುತ್ತಲೇ ತನ್ನ ಅರಿವಿನ ಗಡಿಯನ್ನು ಓದುಗನಿಗೆ ಅದು ತೋರಿಸಿತು. 1927ರಲ್ಲಿ ಆದಿಪರ್ವದ ಮೊದಲ ಕಂತು ಬಂದಿತು. 1933ರಲ್ಲಿ ಪರ್ವ ಪೂರ್ಣವಾಯಿತು.

ಇಂಥ ಗುರಿಗೆ ವಿರೋಧ ಬರದೆ ಇರಲಿಲ್ಲ. ಫ್ರಾನ್ಸಿನ ಸಿಲ್ವಾಂ ಲೆವಿ ಅವರಂಥ ದೊಡ್ಡ ವಿದ್ವಾಂಸರು, ಪಾಠವನ್ನು ಹೊಸದಾಗಿ ನಿರ್ಣಯಿಸುವ ಸಾಹಸ ಬಿಟ್ಟು, ನೀಲಕಂಠನ ಪ್ರಚಲಿತ ಪಾಠವನ್ನೇ ಅಚ್ಚುಮಾಡಿ ಅಡಿಯಲ್ಲಿ ಪಾಠಾಂತರಗಳನ್ನು ಕೊಟ್ಟರೆ ಸಾಕೆಂದು ಸಲಹೆಯಿತ್ತರು. ಅದು ಸುಲಭವಾದ ಗುರಿ. ಸುಕ್ಥಣಕರರು ಅದನ್ನು ಒಪ್ಪಲಿಲ್ಲ. ಮುಟ್ಟಬಲ್ಲ ಗುರಿ ಬೇರೆ, ಸುಲಭದ ಗುರಿ ಬೇರೆ ಎಂಬ ವಿವೇಚನೆ ಇಲ್ಲಿ ಸ್ಪಷ್ಟವಾಗುತ್ತದೆ. ಶಕ್ತಿಗೆ ಮೀರಿದ್ದನ್ನು ಅವರು ಬಿಟ್ಟರು. ಶಕ್ತಿಗೆ ಎಟುಕುವುದನ್ನು ಕಷ್ಟವೆಂಬ ಕಾರಣಕ್ಕೆ ಬಿಡಲಿಲ್ಲ. ಮುಂದೆ ನೇಪಾಳದಲ್ಲಿ ಆದಿಪರ್ವದ ಬಹು ಪ್ರಾಚೀನ ಹಸ್ತಪ್ರತಿಯೊಂದು ಬೆಳಕಿಗೆ ಬಂದಾಗ, ಅದು ಸುಕ್ಥಣಕರರು ನಿರ್ಣಯಿಸಿದ ಪಾಠವನ್ನು ಬಹುಮಟ್ಟಿಗೆ ಸಮರ್ಥಿಸಿತು. ಪರೀಕ್ಷೆಗೆ ಒಳಗಾಗಬಲ್ಲ ಗುರಿಯಾದ್ದರಿಂದಲೇ ಈ ಸಮರ್ಥನೆ ಸಾಧ್ಯವಾಯಿತು.

ಗುರಿಯನ್ನು ಮಿತಗೊಳಿಸಿದಾಗ ಕಳೆದುಕೊಳ್ಳುವುದೂ ಉಂಟೆಂಬುದನ್ನು ಒಪ್ಪಬೇಕು. ವ್ಯಾಸರು ಹೇಳುತ್ತಿರಲು ಗಣಪತಿ ಬರೆದುಕೊಂಡನೆಂಬ ಕಥೆ ಪರಿಷ್ಕೃತ ಪಾಠದಲ್ಲಿ ಇಲ್ಲ. ಅದು ಅನುಬಂಧಕ್ಕೆ ಸರಿಯಿತು. ಎಜರ್ಟನ್ ಸಂಪಾದಿಸಿದ ಸಭಾಪರ್ವದಲ್ಲಿ ದ್ರೌಪದಿ ಕೃಷ್ಣನನ್ನು ಕರೆದು ಮೊರೆಯಿಡುವ ಭಾಗವೂ ಹೀಗೆಯೇ ಮುಖ್ಯಪಾಠದಿಂದ ಕೆಳಗಿಳಿಯಿತು. ಕುಮಾರವ್ಯಾಸನ ಸಭಾಪರ್ವವನ್ನು ಕೇಳಿ ಕಣ್ಣೀರು ಸುರಿಸಿದ ಕನ್ನಡದ ಕೇಳುಗರಿಗೆ ಇದು ಬರಿದಾದ ಭಾರತವೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಸಂಪಾದಕರು ಯಾವುದನ್ನೂ ಎಸೆಯಲಿಲ್ಲ. ಬಿಟ್ಟದ್ದನ್ನೆಲ್ಲ ಅಡಿಟಿಪ್ಪಣಿಯಲ್ಲಿಯೋ ಅನುಬಂಧದಲ್ಲಿಯೋ ಕಾಪಾಡಿಟ್ಟರು. ತಮ್ಮ ಗುರಿಗೆ ಸೇರದ್ದನ್ನು ಇನ್ನೊಬ್ಬರ ಗುರಿಗೆ ಒದಗುವಂತೆ ಇಟ್ಟು ಹೋಗುವುದು ಮಿತವಾದ ಸಂಕಲ್ಪದ ಋಣ.

ಸುಕ್ಥಣಕರರು ಆದಿಪರ್ವದ ನಂತರ ಆರಣ್ಯಕಪರ್ವವನ್ನು 1942ರಲ್ಲಿ ಮುಗಿಸಿದರು. 1943ರ ಜನವರಿಯಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಮಹಾಭಾರತದ ಅರ್ಥವನ್ನು ಕುರಿತು ನಾಲ್ಕು ಉಪನ್ಯಾಸಗಳನ್ನು ಕೊಡಬೇಕಾಗಿತ್ತು. ಮೂರನ್ನು ಕೊಟ್ಟರು. ನಾಲ್ಕನೆಯದನ್ನು ಕೊಡುವ ಮುನ್ನವೇ, ಜನವರಿ 21ರಂದು, ತೀರಿಕೊಂಡರು. ಐವತ್ತೈದು ವರ್ಷದ ಆ ವಿದ್ವಾಂಸರು ಸಂಪಾದಿಸಿ ಮುಗಿಸಿದ್ದು ಹದಿನೆಂಟರಲ್ಲಿ ಎರಡು ಪರ್ವ. ವ್ಯಕ್ತಿಯ ಲೆಕ್ಕದಲ್ಲಿ ಇದು ಅಪೂರ್ಣ. ಆದರೆ ಅವರ ಸ್ಥಾನಕ್ಕೆ ಬಂದ ಬೆಳ್ವಲಕರರು ಹೊಸ ದಾರಿ ಹುಡುಕಬೇಕಾಗಲಿಲ್ಲ. 1961ರಲ್ಲಿ ಅವರ ಸ್ಥಾನಕ್ಕೆ ಬಂದ ಪಿ. ಎಲ್. ವೈದ್ಯರೂ ಹುಡುಕಬೇಕಾಗಲಿಲ್ಲ. ಉಪೋದ್ಘಾತದಲ್ಲಿ ಕ್ರಮವಿತ್ತು, ಹಾಳೆಗಳಲ್ಲಿ ಚೌಕಗಳಿದ್ದವು. 1966ರ ಸೆಪ್ಟೆಂಬರ್ 22ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಕಾರ್ಯ ಸಮಾಪ್ತಿಯಾಯಿತೆಂದು ಘೋಷಿಸಿದಾಗ ನಲವತ್ತೇಳು ವರ್ಷ ಕಳೆದಿತ್ತು. 1,259 ಹಸ್ತಪ್ರತಿಗಳನ್ನು ಪರಿಶೀಲಿಸಲಾಗಿತ್ತು. 19 ಸಂಪುಟಗಳು ಸಿದ್ಧವಾಗಿದ್ದವು. ತನ್ನ ನಂತರ ಬರುವವನು ಮುಂದುವರಿಸಬಲ್ಲಂತೆ ಇಟ್ಟ ಗುರಿಯನ್ನೇ ನಿಜವಾದ ಅರ್ಥದಲ್ಲಿ ಸಾಧ್ಯವಾದ ಗುರಿ ಎನ್ನಬೇಕು.

ನಗರದ ಇನ್ನೊಂದು ಬದಿಯಲ್ಲಿ, ಯರವಡೆಯ ಡೆಕ್ಕನ್ ಕಾಲೇಜಿನಲ್ಲಿ, ಇದಕ್ಕಿಂತಲೂ ದೊಡ್ಡ ಸಂಕಲ್ಪವೊಂದು ನಡೆಯಿತು. 1934ರಲ್ಲಿ ಮುಚ್ಚಿದ ಈ ಕಾಲೇಜು 1939ರಲ್ಲಿ ಸಂಶೋಧನ ಸಂಸ್ಥೆಯಾಗಿ ಮತ್ತೆ ತೆರೆಯಿತು. ಸುಮಿತ್ರ ಮಂಗೇಶ ಕತ್ರೆಯವರು 1948ರಲ್ಲಿ ಐತಿಹಾಸಿಕ ಕ್ರಮದ ಸಂಸ್ಕೃತ ನಿಘಂಟಿನ ಯೋಜನೆಯನ್ನು ಕೈಗೆತ್ತಿಕೊಂಡರು. ಋಗ್ವೇದದಿಂದ ಹತ್ತೊಂಬತ್ತನೆಯ ಶತಮಾನದವರೆಗಿನ ಸುಮಾರು 1,500 ಗ್ರಂಥಗಳಿಂದ ಪದಗಳನ್ನು ಪ್ರಯೋಗಸಹಿತವಾಗಿ ಚೀಟಿಗಳಿಗೆ ಇಳಿಸಿಕೊಳ್ಳುವ ಕೆಲಸ ಕಾಲು ಶತಮಾನ ನಡೆಯಿತು. ಸುಮಾರು ಒಂದು ಕೋಟಿ ಚೀಟಿಗಳಾದವು. ಎ. ಎಂ. ಘಾಟಗೆಯವರ ಸಂಪಾದಕತ್ವದಲ್ಲಿ ಮೊದಲ ಭಾಗ 1976ರಲ್ಲಿ ಹೊರಬಂದಿತು. ಅಲ್ಲಿಂದ ಇಲ್ಲಿಯವರೆಗೆ ಮೂವತ್ತಕ್ಕೂ ಹೆಚ್ಚು ಸಂಪುಟಗಳು ಬಂದಿವೆ. ಅವೆಲ್ಲವೂ ವರ್ಣಮಾಲೆಯ ಮೊದಲ ಅಕ್ಷರವಾದ ಅಕಾರಕ್ಕೇ ಸೇರಿದವು.

ಇದನ್ನು ಕೇಳಿ ನಗುವವರಿದ್ದಾರೆ. ನಗುವ ಮೊದಲು ಎರಡು ಮಾತು ನೆನೆಯಬೇಕು. ಇಂಥ ನಿಘಂಟುಗಳ ಸ್ವಭಾವವೇ ಹಾಗೆ. ಆಕ್ಸ್‌ಫರ್ಡಿನ ಇಂಗ್ಲಿಷ್ ನಿಘಂಟನ್ನು ಹತ್ತು ವರ್ಷಗಳಲ್ಲಿ ಮುಗಿಸುವುದೆಂದು 1879ರಲ್ಲಿ ಒಪ್ಪಂದವಾಯಿತು, ಅದು ಮುಗಿದದ್ದು 1928ರಲ್ಲಿ, ಸಂಪಾದಕ ಮರೆಯವರು ತೀರಿಕೊಂಡ ಹದಿಮೂರು ವರ್ಷಗಳ ಮೇಲೆ. ಎರಡನೆಯದಾಗಿ, ಆ ಒಂದು ಕೋಟಿ ಚೀಟಿಗಳು ಅವಾಗಿಯೇ ಒಂದು ಸಾಧನೆ. ಅಚ್ಚಾದ ಸಂಪುಟಗಳು ಅಕಾರದಲ್ಲಿಯೇ ನಿಂತಿದ್ದರೂ ಚೀಟಿಗಳು ಹಕಾರದವರೆಗೂ ಇವೆ. ಅವುಗಳನ್ನು ಗಣಕಕ್ಕೆ ಏರಿಸುವ ಕೆಲಸವೂ ನಡೆದಿದೆ. ಆದುದರಿಂದ ಇದು ಸೋಲಲ್ಲ. ಆದರೆ ಒಂದು ಕೊರತೆಯಂತೂ ಇದೆ. ಗುರಿಯನ್ನು ಇಟ್ಟ ದಿನ ಅದರ ಒಳಗೆ ನಿಲುಗಡೆಗಳನ್ನು ಗುರುತಿಸಿಕೊಳ್ಳದಿದ್ದರೆ, ಕೆಲಸ ಮಾಡಿದವನು ತನ್ನ ಪಾಲು ಮುಗಿಯಿತೆಂದು ಹೇಳಿಕೊಳ್ಳುವ ದಿನ ಬರುವುದಿಲ್ಲ. ಮಹಾಭಾರತದಲ್ಲಿ ಪರ್ವ ಮುಗಿದಾಗ ಒಂದು ಕೆಲಸ ಮುಗಿಯುತ್ತಿತ್ತು. ಸೌಪ್ತಿಕಪರ್ವವನ್ನು ಸಂಪಾದಿಸಿದ ವೇಲಣಕರರಿಗೆ, ಉದ್ಯೋಗಪರ್ವವನ್ನು ಸಂಪಾದಿಸಿದ ಸುಶೀಲ್ ಕುಮಾರ್ ಡೇ ಅವರಿಗೆ, ತಮ್ಮದೆಂದು ಎತ್ತಿ ತೋರಿಸಲು ಒಂದು ಪೂರ್ಣವಾದ ಗ್ರಂಥವಿತ್ತು. ಅಕಾರದ ನಡುವೆ ನಿವೃತ್ತನಾದ ನಿಘಂಟುಕಾರನಿಗೆ ಆ ಭಾಗ್ಯವಿಲ್ಲ. ಅವನ ದುಡಿಮೆ ಕಡಿಮೆಯದಲ್ಲ. ಅವನ ಸಮಾಧಾನಕ್ಕೆ ಎಡೆ ಕಡಿಮೆ.

ಅದೇ ಡೆಕ್ಕನ್ ಕಾಲೇಜಿನಲ್ಲಿ ಅದೇ ಕಾಲಕ್ಕೆ ಇನ್ನೊಂದು ಬಗೆಯ ಕೆಲಸವೂ ನಡೆಯುತ್ತಿತ್ತು. ಅದರಿಂದ ಕನ್ನಡಕ್ಕೆ ನೇರವಾದ ಲಾಭವಾಯಿತು. ಒಂದು ಊರಿನ ಅಥವಾ ಒಂದು ಸಮುದಾಯದ ಆಡುನುಡಿಯನ್ನು ಆರಿಸಿಕೊಂಡು, ಅದರ ಧ್ವನಿ, ಆಕೃತಿ, ವಾಕ್ಯಗಳನ್ನು ವಿವರಿಸಿ ಒಂದು ತೆಳುವಾದ ಪುಸ್ತಕದಲ್ಲಿ ಮುಗಿಸುವುದು ಅದರ ಕ್ರಮ. ಹಾಲಕ್ಕಿ ಕನ್ನಡವನ್ನು ಕುರಿತ ಎ. ಎಸ್. ಆಚಾರ್ಯರ ಪುಸ್ತಕ 1967ರಲ್ಲಿ, ನಂಜನಗೂಡು ಕನ್ನಡವನ್ನು ಕುರಿತ ಯು. ಪಿ. ಉಪಾಧ್ಯಾಯರ ಪುಸ್ತಕ ಮತ್ತು ಗುಲಬರ್ಗಾ ಕನ್ನಡವನ್ನು ಕುರಿತ ಆರ್. ಮಹಾದೇವನ್ನರ ಪುಸ್ತಕ 1968ರಲ್ಲಿ ಬಂದವು. ಡಿ. ಎನ್. ಶಂಕರ ಭಟ್ಟರ ತುಳು ವಿವರಣೆಯನ್ನೂ ಈ ಸಂಸ್ಥೆ 1967ರಲ್ಲಿ ಪ್ರಕಟಿಸಿತು. ಕನ್ನಡ ಉಪಭಾಷೆಗಳ ಸಮಗ್ರ ಇತಿಹಾಸವನ್ನು ಬರೆಯುವೆವೆಂದು ಇವರಲ್ಲಿ ಯಾರೂ ಹೊರಡಲಿಲ್ಲ. ನಂಜನಗೂಡಿನವರು ಹೇಗೆ ಮಾತನಾಡುತ್ತಾರೆ ಎಂಬ ಒಂದು ಪ್ರಶ್ನೆಗೆ ಒಂದು ಉತ್ತರ. ಕನ್ನಡದ ಉಪಭಾಷೆಗಳನ್ನು ಕುರಿತು ಮುಂದೆ ನಡೆದ ದೊಡ್ಡ ಚರ್ಚೆಗಳಿಗೆಲ್ಲ ಇಂಥ ಚಿಕ್ಕ ಪುಸ್ತಕಗಳು ಆಧಾರವಾದವು.

ಚಿಕ್ಕ ಗುರಿ ಮನುಷ್ಯನನ್ನು ಚಿಕ್ಕವನನ್ನಾಗಿ ಮಾಡುತ್ತದೆ ಎಂಬ ಆಕ್ಷೇಪಕ್ಕೆ ಉಪಾಧ್ಯಾಯರ ಬಾಳೇ ಉತ್ತರ. ನಂಜನಗೂಡು ಕನ್ನಡದ ಪುಸ್ತಕ ಬಂದು ಹನ್ನೊಂದು ವರ್ಷಗಳಾದ ಮೇಲೆ, 1979ರಲ್ಲಿ, ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ತುಳು ನಿಘಂಟಿನ ಕೆಲಸಕ್ಕೆ ತೊಡಗಿದರು. ಕನ್ನಡಕ್ಕಿರುವಂಥ ಗ್ರಂಥಪರಂಪರೆ ತುಳುವಿಗೆ ಇರಲಿಲ್ಲ. ಪದಗಳನ್ನು ಬಹುಮಟ್ಟಿಗೆ ಜನರ ಬಾಯಿಂದಲೇ, ಪಾಡ್ದನಗಳಿಂದಲೇ ಸಂಗ್ರಹಿಸಬೇಕಾಗಿತ್ತು. 1988ರಲ್ಲಿ ಮೊದಲ ಸಂಪುಟ, 1997ರಲ್ಲಿ ಆರನೆಯದೂ ಕೊನೆಯದೂ ಆದ ಸಂಪುಟ. ಒಂದು ಊರಿನ ಮಾತನ್ನು ಸರಿಯಾಗಿ ಅಳೆಯಲು ಕಲಿತವರು ಹದಿನೆಂಟು ವರ್ಷಗಳಲ್ಲಿ ಒಂದು ಭಾಷೆಯನ್ನು ಅಳೆದು ಮುಗಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಕೂಡ 1970ರಲ್ಲಿ ಮೊದಲ ಸಂಪುಟವನ್ನು ಕೊಟ್ಟು 1995ರಲ್ಲಿ ಎಂಟನೆಯ ಸಂಪುಟದೊಡನೆ ಪೂರ್ಣವಾಯಿತು. ಅದರ ಹಿಂದೆ ದಶಕಗಳ ಕಾಲ ದುಡಿದ ಜಿ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರು ಕೇಳಿದ ಒಂದೊಂದು ಪದಕ್ಕೆ ಒಂದೊಂದು ಉತ್ತರ ಬರೆದರು. ದೊಡ್ಡ ನಿಘಂಟು ಮತ್ತು ಚಿಕ್ಕ ಅಂಕಣ ಎರಡರಲ್ಲಿಯೂ ಅವರಿಗೆ ಕೆಲಸದ ಅಳತೆ ಒಂದು ಪದವೇ.

ಹಳಗನ್ನಡದ ಕವಿಗಳಿಗೂ ಈ ಲೆಕ್ಕ ತಿಳಿದಿತ್ತು. ಪಂಪನು 'ವಿಕ್ರಮಾರ್ಜುನ ವಿಜಯ'ವನ್ನು ಆರು ತಿಂಗಳಲ್ಲಿ, 'ಆದಿಪುರಾಣ'ವನ್ನು ಮೂರು ತಿಂಗಳಲ್ಲಿ ಮುಗಿಸಿದೆನೆಂದು ಲೆಕ್ಕ ಒಪ್ಪಿಸುತ್ತಾನೆ. ಕುಮಾರವ್ಯಾಸನು ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದ. ಉಳಿದವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಹತ್ತಕ್ಕೆ ನಿಂತ ಕಾವ್ಯವನ್ನು ಗದುಗಿನ ಜನ ಅರೆಯಾದದ್ದೆಂದು ಎಣಿಸಲಿಲ್ಲ.

ಕನ್ನಡ ವಿಭಾಗಗಳ ಗ್ರಂಥಾಲಯಗಳಲ್ಲಿ ಸಾಲಾಗಿ ನಿಂತ ಮಹಾಪ್ರಬಂಧಗಳ ಬೆನ್ನನ್ನು ಓದುತ್ತ ಹೋದರೆ 'ಒಂದು ಸಮಗ್ರ ಅಧ್ಯಯನ' ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಅಲ್ಲಿ ಕಾಣದ ಪ್ರಬಂಧಗಳೂ ಉಂಟು. ಅವು ಸಮಗ್ರವಾಗಲೆಂದು ಕಾದು ಬರೆಯದೆ ಉಳಿದವು. ಶಿಷ್ಯವೇತನದ ಅವಧಿ ಮುಗಿದು, ಮನೆಯವರು ಕೇಳುವ ಪ್ರಶ್ನೆಗೆ ಉತ್ತರ ಹೇಳಲಾರದೆ, ಟಿಪ್ಪಣಿಗಳ ಕಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಬೇರೆ ಉದ್ಯೋಗಕ್ಕೆ ಹೋದ ಬುದ್ಧಿವಂತರು ಪ್ರತಿಯೊಂದು ವಿಭಾಗದ ನೆನಪಿನಲ್ಲಿಯೂ ಇದ್ದಾರೆ. ಅವರಲ್ಲಿ ಹಲವರಿಗೆ ಓದು ಕಡಿಮೆಯಿರಲಿಲ್ಲ, ಶ್ರದ್ಧೆಯೂ ಕಡಿಮೆಯಿರಲಿಲ್ಲ. ಮೊದಲ ದಿನ ಬರೆದ ಶೀರ್ಷಿಕೆಯ ಅಳತೆ ತಪ್ಪಿತ್ತು. ಅದನ್ನು ಹೇಳಬೇಕಾದ ಹಿರಿಯರು ಹೇಳಲಿಲ್ಲ. ಈ ನಷ್ಟ ಯಾವ ವರದಿಯಲ್ಲಿಯೂ ದಾಖಲಾಗುವುದಿಲ್ಲ.

ವಿಷಯವನ್ನು ಆರಿಸಿಕೊಳ್ಳುವ ದಿನ ಕೇಳಿಕೊಳ್ಳಬೇಕಾದದ್ದು ಹೆಚ್ಚೇನೂ ಇಲ್ಲ. ಈ ಕೆಲಸ ಮುಗಿಯಿತೆಂದು ಯಾವ ಗುರುತಿನಿಂದ ತಿಳಿಯುವುದು? ನಾಳೆ ಬೆಳಗ್ಗೆ ಮೇಜಿನ ಮೇಲೆ ಇಡಬೇಕಾದ ಹಾಳೆ ಯಾವುದು? ತಿಳಿಯದ್ದನ್ನು ತಿಳಿಯದೆಂದು ಗುರುತಿಸಲು ಅಲೆಗೆರೆ ಎಲ್ಲಿ ಬರುತ್ತದೆ? ನಡುವೆ ನಿಲ್ಲಬೇಕಾಗಿ ಬಂದರೆ ಮುಂದಿನವನು ಎಲ್ಲಿಂದ ಹಿಡಿಯಬಹುದು? ಈ ನಾಲ್ಕಕ್ಕೂ ಉತ್ತರವಿದ್ದರೆ ವಿಷಯ ಎಷ್ಟೇ ದೊಡ್ಡದಾಗಿರಲಿ, ಅದು ಕೈಗೆ ಬರುತ್ತದೆ. ಉತ್ತರವಿಲ್ಲದಿದ್ದರೆ ಶೀರ್ಷಿಕೆಯಲ್ಲಿರುವ 'ಸಮಗ್ರ' ಎಂಬ ಪದವನ್ನು ಹೊಡೆದುಹಾಕಿ, ಆ ಜಾಗದಲ್ಲಿ ಒಂದು ಕಾಲವನ್ನೋ, ಒಂದು ಊರನ್ನೋ, ಒಂದು ಕೃತಿಯನ್ನೋ ಬರೆಯುವುದು ಒಳ್ಳೆಯದು. ಸಂಕಲ್ಪ ಹೇಳುವವನು ಕೊನೆಗೆ ತನ್ನ ಊರಿನ ಹೆಸರಿಗೆ ಬಂದು ನಿಲ್ಲುವುದೂ, ನೀರು ಬಿಟ್ಟು ಕೆಲಸಕ್ಕೆ ಕೈಹಾಕುವುದೂ ಹೀಗೆಯೇ.